ಕಾಲೇಜಿನ ಹೆಸರಿಗೆ 8,000 ರೂಪಾಯಿ: ತುಮಕೂರಿನ ಒಂದು ಸಿಇಟಿ ಮಾರ್ಗದರ್ಶನ ಕೇಂದ್ರದ ಅನುಭವ

ಕಳೆದ ವರ್ಷ ಮಗಳ ಸಿಇಟಿ (ಎಂಜಿನಿಯರಿಂಗ್ ಮುಂತಾದ ಕೋರ್ಸ್‌ಗಳ ಪ್ರವೇಶ ಪರೀಕ್ಷೆ) ಫಲಿತಾಂಶ ಬಂದ ವಾರವೇ ತುಮಕೂರಿನ ಒಂದು ಖಾಸಗಿ ಮಾರ್ಗದರ್ಶನ ಕೇಂದ್ರಕ್ಕೆ 8,000 ರೂಪಾಯಿ ಕಟ್ಟಿದೆವು. ದಾಖಲೆ ಪರಿಶೀಲನೆಯಿಂದ ಹಿಡಿದು ಸೀಟು ಖಚಿತವಾಗುವವರೆಗೆ ಎಲ್ಲವನ್ನೂ ನೋಡಿಕೊಳ್ಳುವುದಾಗಿ ಅವರು ಒಪ್ಪಿದ್ದರು.

ದಾಖಲೆಗಳ ವಿಷಯದಲ್ಲಿ ದೂರುವಂಥದ್ದೇನೂ ಇಲ್ಲ. ನಮ್ಮದು ಗುಬ್ಬಿ ತಾಲ್ಲೂಕಿನ ಹಳ್ಳಿ. ಮಗಳು 1ರಿಂದ 10ನೇ ತರಗತಿಯವರೆಗೆ ಅಲ್ಲಿಯೇ ಓದಿದ್ದರಿಂದ ಶೇ 15ರ ಗ್ರಾಮೀಣ ಮೀಸಲಾತಿಗೆ ಅರ್ಹಳಾಗಿದ್ದಳು. ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕೆಂಬುದನ್ನು ಮೊದಲ ದಿನವೇ ತಿಳಿಸಿ ನಮ್ಮ ಎರಡು ಓಡಾಟವನ್ನು ತಪ್ಪಿಸಿದರು.

ತೊಡಕು ಶುರುವಾದದ್ದು ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು ಮತ್ತು ಬ್ರಾಂಚ್‌ಗಳನ್ನು (ಎಂಜಿನಿಯರಿಂಗ್ ವಿಭಾಗಗಳನ್ನು) ಆದ್ಯತೆಯ ಕ್ರಮದಲ್ಲಿ ತುಂಬುವಾಗ. ಅವರು ಕೊಟ್ಟ ಪಟ್ಟಿಯಲ್ಲಿ ಮೇಲಿನ ಸಾಲುಗಳೆಲ್ಲ ಬೆಂಗಳೂರಿನ ಹೆಸರಾಂತ ಕಾಲೇಜುಗಳೇ. ಬ್ರಾಂಚ್ ಸಿವಿಲ್ ಆದರೂ ಸರಿ, ಮೆಕ್ಯಾನಿಕಲ್ ಆದರೂ ಸರಿ. ಮಗಳು ಕೇಳಿದ್ದ ಕಂಪ್ಯೂಟರ್ ಸೈನ್ಸ್, ಅದೂ 1963ರಲ್ಲಿ ಶುರುವಾದ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಕಾಲೇಜಿನದು, ಪಟ್ಟಿಯ ಕೆಳಗೆಲ್ಲೋ ಬಿದ್ದಿತ್ತು. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆಯು ನಾವು ತುಂಬಿದ ಪಟ್ಟಿಯ ಮೇಲಿನಿಂದ ಕೆಳಕ್ಕೆ ಬಂದು, ರ‍್ಯಾಂಕಿಗೆ ಸಿಗುವ ಮೊದಲ ಸೀಟಿನಲ್ಲಿ ನಿಂತುಬಿಡುತ್ತದೆ. ಅದರ ಕೆಳಗಿನ ಆಯ್ಕೆಗಳನ್ನು ನೋಡುವುದೇ ಇಲ್ಲ. ಅಂದರೆ ಆ ಪಟ್ಟಿಯನ್ನು ಹಾಗೆಯೇ ತುಂಬಿದ್ದರೆ ಮಗಳಿಗೆ ಬೇಡವಾದ ಬ್ರಾಂಚ್ ಸಿಕ್ಕಿ, ಬೇಕಾದದ್ದರ ಸರದಿಯೇ ಬರುತ್ತಿರಲಿಲ್ಲ. ಕಾರಣ ಕೇಳಿದಾಗ ಸಿಕ್ಕ ಉತ್ತರ ಒಂದೇ: ‘ಸಾರ್, ಕಂಪನಿಯವರು ಮೊದಲು ನೋಡೋದು ಕಾಲೇಜಿನ ಹೆಸರು.’

ಈ ಮಾತು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಹೆಸರಿರುವ ಕಾಲೇಜಿನ ಅಂಗಳಕ್ಕೆ ಕಂಪನಿಗಳೇ ಬರುತ್ತವೆ. ಹೆಸರಿಲ್ಲದ ಕಾಲೇಜಿನ ಮಕ್ಕಳು ಕಂಪನಿಗಳನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಆದರೂ ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಮಟ್ಟದ ಕಾಲೇಜುಗಳಿಗೆ ಅರ್ಜಿ ಹಾಕಿ ಪ್ರವೇಶ ಪಡೆಯಬಲ್ಲವರಾಗಿದ್ದ ವಿದ್ಯಾರ್ಥಿಗಳನ್ನು ಹೋಲಿಸಿ ನೋಡಿದಾಗ, ಹೆಚ್ಚು ಪ್ರತಿಷ್ಠಿತ ಕಾಲೇಜಿಗೆ ಸೇರಿದವರ ಸಂಪಾದನೆ ಇತರರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ. ಆದರೆ ಬಡ ಕುಟುಂಬಗಳಿಂದ ಬಂದವರಿಗೆ ಮಾತ್ರ ಪ್ರತಿಷ್ಠಿತ ಕಾಲೇಜಿನಿಂದ ಲಾಭವಾಗಿತ್ತು. ನೆಂಟರಿಷ್ಟರಲ್ಲಿ ಒಬ್ಬ ಎಂಜಿನಿಯರೂ ಇಲ್ಲದ ನಮ್ಮಂಥ ಮನೆಗೆ ಈ ಕೊನೆಯ ಮಾತು ತಾಗುವಂಥದ್ದೇ. ಅಷ್ಟರ ಮಟ್ಟಿಗೆ ಆ ಅಧ್ಯಯನವು ಮಾರ್ಗದರ್ಶನ ಕೇಂದ್ರದವರ ಪರವಾಗಿಯೇ ಇದೆ. ಆದರೆ ಅಮೆರಿಕದಲ್ಲಿ ಕಾಲೇಜಿಗೆ ಸೇರಿದ ಮೇಲೂ ವಿಷಯವನ್ನು ಆರಿಸಿಕೊಳ್ಳಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ನಮ್ಮಲ್ಲಿ ಕಾಲೇಜು ಮತ್ತು ಬ್ರಾಂಚ್ ಎರಡೂ ಒಂದೇ ಗುಂಡಿ ಒತ್ತುವಾಗ ತೀರ್ಮಾನವಾಗುತ್ತವೆ.

ಹೆಸರನ್ನೇ ಮಾರುವವರು ಆ ಹೆಸರಿನ ಹಿಂದಿನ ಲೆಕ್ಕವನ್ನಾದರೂ ಇಟ್ಟುಕೊಂಡಿರಬೇಕಿತ್ತು. ಗೋಡೆಯ ತುಂಬಾ ಇದ್ದ ಫ್ಲೆಕ್ಸ್‌ಗಳಲ್ಲಿ ಅತಿ ಹೆಚ್ಚಿನ ಪ್ಯಾಕೇಜ್ ಎಷ್ಟೆಂದು ಮಾತ್ರ ಬರೆದಿತ್ತು; ಅದು ಒಬ್ಬ ವಿದ್ಯಾರ್ಥಿಗೆ ಸಿಕ್ಕ ಸಂಬಳ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಕಾಲೇಜುಗಳು ಸಲ್ಲಿಸುವ ವಿವರಗಳಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಸಂಬಳಗಳನ್ನು ಸಾಲಾಗಿ ಜೋಡಿಸಿದರೆ ನಟ್ಟನಡುವೆ ನಿಲ್ಲುವ ಮೊತ್ತ ಎಷ್ಟು ಎಂಬುದು ಇರುತ್ತದೆ. ಅವನ್ನು ಯಾರು ಬೇಕಾದರೂ ನೋಡಬಹುದು. ಆ ವಿವರ ಬ್ರಾಂಚ್‌ವಾರು ಇರುವುದಿಲ್ಲವೆಂಬುದು ನಿಜ, ಆದರೂ ಫ್ಲೆಕ್ಸ್‌ಗಿಂತ ಮೇಲು. ಅದೇ ಶ್ರೇಯಾಂಕದಲ್ಲಿ ಜನಾಭಿಪ್ರಾಯಕ್ಕೆ, ಅಂದರೆ ಹೆಸರಿಗೆ, ಇರುವುದು 100ರಲ್ಲಿ 10 ಅಂಶ ಮಾತ್ರ. ನಮಗೆ ಸಲಹೆ ನೀಡುತ್ತಿದ್ದವರು ಈ ಕಡತಗಳನ್ನು ಒಮ್ಮೆಯೂ ತೆರೆದಿರಲಿಲ್ಲ. ನನ್ನ ಫೋನಿನಲ್ಲಿಯೇ ಅವರಿಗೆ ತೋರಿಸಿದೆ.

ಕೊನೆಗೆ ಕಂಪ್ಯೂಟರ್ ಸೈನ್ಸ್ ಇರುವ ಸಾಲುಗಳನ್ನೆಲ್ಲ ಮೇಲಕ್ಕೆ ತಂದು, ಪಟ್ಟಿಯನ್ನು ನಾವೇ ಮನೆಯಲ್ಲಿ ಕುಳಿತು ತುಂಬಿದೆವು. ಎರಡನೇ ಸುತ್ತಿನಲ್ಲಿ ತುಮಕೂರಿನಲ್ಲೇ ಸೀಟು ಸಿಕ್ಕಿತು. ಪಟ್ಟಿ ಬದಲಿಸಿದ್ದರಿಂದ ತಮ್ಮ ಹೊಣೆ ಮುಗಿಯಿತೆಂದು ಹೇಳಿದ ಕೇಂದ್ರದವರು ಹಣದಲ್ಲಿ ಒಂದು ರೂಪಾಯಿಯನ್ನೂ ಹಿಂದಿರುಗಿಸಲಿಲ್ಲ.

5ಕ್ಕೆ 2 ಅಂಕ, ಎರಡೂ ದಾಖಲೆಯ ಕೆಲಸಕ್ಕೆ. ಆ ಕೆಲಸವನ್ನಷ್ಟೇ 1,500 ರೂಪಾಯಿಗೆ ಮಾಡಿಕೊಡುತ್ತಾರೆಂಬುದು ನಮಗೆ ತಡವಾಗಿ ತಿಳಿಯಿತು. ಹೋಗುವವರು ಅದನ್ನೇ ಕೇಳಿ, ರಸೀದಿ ಪಡೆದುಕೊಳ್ಳಿ.