ಪ್ರೊನೆಕಿಯ ಹಾದಿಯೋ, ಲೈಕೋವರ ಹಾದಿಯೋ?

ಕಾಡು ಸೇರಿ ಸ್ವಂತ ದುಡಿಮೆಯಲ್ಲಿ ಬದುಕುವ ಆಸೆಯಿದ್ದರೆ ಈ ಎರಡನ್ನೂ ನೋಡಿ.

ಐವತ್ತು ದಾಟಿದ ಡಿಕ್ ಪ್ರೊನೆಕಿ 1968ರಲ್ಲಿ ಅಲಾಸ್ಕದ ಟ್ವಿನ್ ಲೇಕ್ಸ್ ದಡದಲ್ಲಿ ಕೈಯುಪಕರಣಗಳಿಂದಲೇ ದಿಮ್ಮಿಯ ಮನೆ ಕಟ್ಟಿದರು. ಮೀನು, ತರಕಾರಿ ತಮ್ಮದೇ. ಉಳಿದ ದಿನಸಿ, ಟಪಾಲು ಸಣ್ಣ ವಿಮಾನದಲ್ಲಿ ಬರುತ್ತಿತ್ತು. ಡೈರಿ ಬರೆಯುತ್ತ, ಕ್ಯಾಮೆರಾ ಹಿಡಿದು ಅಲೆಯುತ್ತ ಸುಮಾರು 30 ವರ್ಷ ಇದ್ದರು.

ಸೈಬೀರಿಯಾದ ಲೈಕೋವ್ ಕುಟುಂಬ 1936ರಲ್ಲಿ ಟೈಗಾ ಎಂಬ ಚಳಿನಾಡಿನ ಕಾಡು ಹೊಕ್ಕಿದ್ದು ಧರ್ಮ ಉಳಿಸಿಕೊಳ್ಳಲು. ಭೂವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 1978ರಲ್ಲಿ. ಅಲ್ಲಿಯತನಕ ಉಪ್ಪೂ ಇರಲಿಲ್ಲ! 1961ರ ಜೂನ್‌ನಲ್ಲಿ ಹಿಮ ಬಿದ್ದು ಬೆಳೆ ಹಾಳಾಯಿತು; ತಾಯಿ ಅಕುಲಿನಾ ಹಸಿವಿನಿಂದ ತೀರಿಕೊಂಡರು. ಆಮೇಲೆ ಮೊಳೆತ ಒಂದೇ ಒಂದು ರೈ (ಗೋಧಿಯಂಥ ಧಾನ್ಯ) ಸಸಿಯನ್ನು ಇಲಿ, ಅಳಿಲುಗಳಿಂದ ಹಗಲಿರುಳು ಕಾದರು. ಆದರೂ ಮಗಳು ಅಗಾಫಿಯಾಗೆ ಆ ಕಾಡೇ ಹಿತ. ಅಂಥ ನಂಬಿಕೆ ನಮ್ಮಲ್ಲಿ ಎಷ್ಟು ಜನಕ್ಕಿದೆ?

ನನ್ನ ಮತ ಪ್ರೊನೆಕಿಗೆ. ಅವರು ಮೊದಲೇ ಬಡಗಿ, ಮೆಕ್ಯಾನಿಕ್ ಆಗಿದ್ದವರು; ನೀವೂ ಹೊರಡುವ ಮುನ್ನ ಉಳಿ ಹಿಡಿಯಲು ಕಲಿಯಿರಿ.