ಬಳ್ಳಾರಿಯಿಂದ ವಾಸ್ಕೋ ರೈಲು: ಬುಧವಾರ ಹತ್ತಿದರೆ ಹಳೇ ಗೋವಾ ಚೆನ್ನಾಗಿ ಸಿಗುತ್ತದೆ

ಬಳ್ಳಾರಿ, ಹೊಸಪೇಟೆ, ಕೊಪ್ಪಳದಿಂದ ಗೋವಾಕ್ಕೆ ಹೊರಟ ಕುಟುಂಬಗಳಿಗೆ ರಾತ್ರಿ ಬಸ್ಸಿಗಿಂತ ರೈಲೇ ವಾಸಿ. ನಮ್ಮ ಹಾದಿಯಲ್ಲಿ ಗೋವಾದ ವಾಸ್ಕೋ ಊರಿಗೆ ಹೋಗುವ ನೇರ ರೈಲುಗಳಲ್ಲಿ ಮುಖ್ಯವಾದವು ಎರಡು. ಅಮರಾವತಿ ಎಕ್ಸ್‌ಪ್ರೆಸ್ (18047) ವಾರಕ್ಕೆ ನಾಲ್ಕು ದಿನ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಸಿಕಂದರಾಬಾದ್–ವಾಸ್ಕೋ (17039) ವಾರಕ್ಕೆ ಎರಡೇ ದಿನ, ಬುಧವಾರ ಮತ್ತು ಶುಕ್ರವಾರ. ಅಮರಾವತಿ ಬಳ್ಳಾರಿಗೆ ಬರುವುದು ಮಧ್ಯರಾತ್ರಿ ದಾಟಿದ ಮೇಲೆ. ಹಾಗಾಗಿ ಬುಕಿಂಗ್‌ನಲ್ಲಿ ದಿನಾಂಕ ತಪ್ಪುವುದು ಸಾಮಾನ್ಯ: ರಾತ್ರಿ ಊಟ ಮುಗಿಸಿ ಸ್ಟೇಷನ್ನಿಗೆ ಹೋಗುವವರ ಟಿಕೆಟ್ ಮೇಲೆ ಮರುದಿನದ ತಾರೀಕು ಇರಬೇಕು.

ನಮ್ಮ ಶಿಫಾರಸು ಬುಧವಾರದ ಸಿಕಂದರಾಬಾದ್ ರೈಲು. ಗುರುವಾರ ನಸುಕಿಗೆ ವಾಸ್ಕೋ ಮುಟ್ಟುತ್ತದೆ. ವಾಪಸು ರೈಲು (17040) ವಾಸ್ಕೋ ಬಿಡುವುದು ಗುರುವಾರ ಮತ್ತು ಶನಿವಾರ ಬೆಳಿಗ್ಗೆ. ಶನಿವಾರದ್ದು ಹಿಡಿದರೆ ಪೂರ್ತಿ ಎರಡು ಹಗಲು ಕೈಗೆ ಸಿಗುತ್ತವೆ. ಶುಕ್ರವಾರ ಹೊರಟವರಿಗೆ ಈ ಲೆಕ್ಕ ಕೂಡುವುದಿಲ್ಲ. ಅವರು ಇಳಿದ ಬೆಳಿಗ್ಗೆಯೇ ವಾಪಸು ರೈಲು ಹೊರಟು, ಮುಂದಿನದು ಗುರುವಾರಕ್ಕೆ. ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ನಡುವಿನ ಸ್ಟೇಷನ್ನಿನವರಿಗೆ ಸೀಟು ಕಡಿಮೆ, ವೇಟಿಂಗ್ ಲಿಸ್ಟ್ ನಿಧಾನವಾಗಿ ಕರಗುತ್ತದೆ, ಆದ್ದರಿಂದ ರಜೆಯ ತಿಂಗಳಲ್ಲಿ ತಡಮಾಡಬೇಡಿ. ವೇಳೆ ಬದಲಾಗುತ್ತಿರುತ್ತದೆ, ಟಿಕೆಟ್ ತೆಗೆಯುವ ಮುನ್ನ ಒಮ್ಮೆ ನೋಡಿಕೊಳ್ಳಿ.

ಹೋಗುವಾಗ ಘಟ್ಟ ಕತ್ತಲಲ್ಲಿ ಕಳೆದುಹೋಗುತ್ತದೆ, ಇದೊಂದು ಕೊರತೆ. ಬರುವಾಗ ಹಗಲಲ್ಲೇ ಸಿಗುತ್ತದೆ. ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗಿನ ಸುಮಾರು 26 ಕಿ.ಮೀ. ದಾರಿಯಲ್ಲಿ 37 ಮೀಟರ್ ಸಾಗಿದರೆ 1 ಮೀಟರ್ ಏರು. ಮುಂದಿನ ಎಂಜಿನ್ ಒಂದರಿಂದಲೇ ಆಗದ ಕೆಲಸ, ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಜೋಡಿಸುತ್ತಾರೆ. ಕುಳೆಂನಲ್ಲಿ ರೈಲು ಸುಮ್ಮನೆ ನಿಂತಂತೆ ಕಂಡರೆ ಕಾರಣ ಇದೇ. ಈ ದಾರಿಯ ದೂಧ್‌ಸಾಗರ ಜಲಪಾತ ನೋಡುವ ಆಸೆ ಇದ್ದವರು ವಾಪಸು ಪಯಣಕ್ಕಾದರೂ ಸ್ಲೀಪರ್ ತೆಗೆಯಲಿ. ಎಸಿ ಬೋಗಿಯ ಕಿಟಕಿ ತೆರೆಯುವುದಿಲ್ಲ, ಮಳೆಗಾಲದಲ್ಲಿ ಗಾಜು ಮಂಜಾಗುತ್ತದೆ. ಜಲಪಾತದ ಬಳಿ ಹಳಿಗೆ ಇಳಿಯುವುದು ನಿಷಿದ್ಧ, ಅಪಾಯವೂ ಹೌದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡ ಕುಸಿದು ರೈಲು ರದ್ದಾಗುವುದುಂಟು. ಆ ದಿನಗಳಲ್ಲಿ ಹೋಟೆಲ್ ಕಾಯ್ದಿರಿಸುವಾಗ ರದ್ದು ಮಾಡಿದರೆ ಹಣ ಮರಳುವಂಥದ್ದನ್ನೇ ಆರಿಸಿ.

ವಾಸ್ಕೋದಿಂದ ಪಣಜಿಗೆ ಸುಮಾರು 30 ಕಿ.ಮೀ., ಕದಂಬ ಬಸ್ಸಿದೆ. ನಮ್ಮ ಶಕ್ತಿ ಯೋಜನೆ ಅಲ್ಲಿ ನಡೆಯದು, ಹೆಣ್ಣುಮಕ್ಕಳೂ ಟಿಕೆಟ್ ತೆಗೆಯಬೇಕು. ಪಣಜಿ ಬಸ್ ನಿಲ್ದಾಣದಿಂದ ಪೋರ್ಚುಗೀಸರ ಹಿಂದಿನ ರಾಜಧಾನಿ ಹಳೇ ಗೋವಾ ಸುಮಾರು 10 ಕಿ.ಮೀ. ಸ್ಕೂಟರ್ ಬಾಡಿಗೆಗೆ ಹಿಡಿಯುವವರು ನಂಬರ್ ಪ್ಲೇಟ್ ನೋಡಲಿ: ಕಪ್ಪು ಫಲಕದ ಮೇಲೆ ಹಳದಿ ಅಂಕಿ ಇದ್ದರೆ ಮಾತ್ರ ಅದು ಕಾನೂನುಬದ್ಧ ಬಾಡಿಗೆ ಗಾಡಿ. ಬಿಳಿ ಫಲಕದ್ದು ಅಗ್ಗಕ್ಕೆ ಸಿಕ್ಕರೂ ಪೊಲೀಸರು ತಡೆದರೆ ತೊಂದರೆ ನಿಮಗೇ.

ಹಳೇ ಗೋವಾವನ್ನು ಗುರುವಾರವೇ ನೋಡಿ ಮುಗಿಸಿ. ಅಲ್ಲಿನ ಪುರಾತತ್ವ ಮ್ಯೂಸಿಯಂಗೆ ಶುಕ್ರವಾರ ರಜೆ. ಭಾನುವಾರ ಬೆಳಿಗ್ಗೆಯಾದರೆ ಚರ್ಚುಗಳಲ್ಲಿ ಪೂಜೆಯ ಹೊತ್ತು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. 1605ರಲ್ಲಿ ಪ್ರತಿಷ್ಠೆಯಾದ ಬಾಮ್ ಜೀಸಸ್ ಬೆಸಿಲಿಕಾದ ಹೊರಗೋಡೆಗೆ ಗಾರೆ ಇಲ್ಲ, ಜಂಬಿಟ್ಟಿಗೆ ಕಲ್ಲು ಬರಿದಾಗಿ ಕಾಣುತ್ತದೆ. ಕಗ್ಗಲ್ಲಿನ ಹಂಪಿ ನೋಡಿ ಬೆಳೆದ ಕಣ್ಣಿಗೆ ಮಳೆ ಕುಡಿಯುವ ಈ ಮೆತ್ತನೆ ಕಲ್ಲು ಬೇರೆಯೇ ಲೋಕ. ರಸ್ತೆಯಾಚೆ ಸೇ ಕೆಥೆಡ್ರಲ್. ಅದರ ಒಂದು ಗೋಪುರ 1776ರಲ್ಲಿ ಬಿದ್ದುಹೋಯಿತು. ಹೆಚ್ಚಿನವರು ಇಲ್ಲಿಂದಲೇ ಬಸ್ಸು ಹತ್ತುತ್ತಾರೆ. ಹಾಗೆ ಮಾಡಬೇಡಿ. ಗುಡ್ಡದ ಮೇಲೆ ಹತ್ತು ನಿಮಿಷ ನಡೆದರೆ ಸಂತ ಆಗಸ್ಟೀನ್ ಚರ್ಚಿನ ಪಾಳು ಗೋಪುರವಿದೆ. ಅರ್ಧ ಕುಸಿದು, ಅರ್ಧ ನಿಂತಿದೆ. ಈ ಊರಿನಲ್ಲಿ ನಮಗೆ ಅತಿ ಇಷ್ಟವಾದ ಜಾಗ ಇದು, ಜನವೂ ಕಡಿಮೆ.

ನಮ್ಮ ಸೀಮೆಯವರು ಇಲ್ಲಿಗೆ ಬರಲು ಇನ್ನೊಂದು ಕಾರಣವಿದೆ. ವಿಜಯನಗರಕ್ಕೆ ಸಮುದ್ರದಾಚೆಯ ಕುದುರೆಗಳು ಬರುತ್ತಿದ್ದ ಬಂದರುಗಳಲ್ಲಿ ಗೋವಾ ಒಂದು. 1510ರಲ್ಲಿ ಪೋರ್ಚುಗೀಸರು ಅದನ್ನು ಆದಿಲ್‌ಶಾಹಿಗಳಿಂದ ಕಸಿದುಕೊಂಡರು. ಹತ್ತೇ ವರ್ಷಕ್ಕೆ, 1520ರ ರಾಯಚೂರು ಮುತ್ತಿಗೆಯಲ್ಲಿ, ಕೃಷ್ಣದೇವರಾಯನ ಕಡೆ ನಿಂತು ಪೋರ್ಚುಗೀಸ್ ಬಂದೂಕುಗಾರರು ಕಾದಿದರು. ರಾಯಚೂರು ಕೋಟೆ ಕಂಡವರಿಗೆ ಮಾಂಡೋವಿ ನದಿ ದಂಡೆಯ ವೈಸ್‌ರಾಯ್ ಕಮಾನು, ಅಂದರೆ ಪೋರ್ಚುಗೀಸ್ ಆಳರಸರ ಊರಬಾಗಿಲು, ಅದೇ ಕಥೆಯ ಇನ್ನೊಂದು ತುದಿ. ಕಮಾನಿನ ಮುಂದೆಯೇ ದಿವಾಡಿ ದ್ವೀಪದ ಫೆರಿ ಇದೆ, ನಡೆದು ಹತ್ತುವವರಿಗೆ ದುಡ್ಡಿಲ್ಲ.

ಶುಕ್ರವಾರ ಪಣಜಿಗೆ ಸಾಕು. ಬೆಳಿಗ್ಗೆ ಫೊಂಟೆನ್ಹಾಸ್ ಓಣಿಗಳು (ಜನ ವಾಸಿಸುವ ಮನೆಗಳವು, ಹೊಸ್ತಿಲ ಮೇಲೆ ಕೂತು ಫೋಟೊ ತೆಗೆಸಿಕೊಳ್ಳಬೇಡಿ), ಸಂಜೆ ಮೀರಾಮಾರ್ ಬೀಚ್. ಕೆಂಪು ಬಾವುಟ ಇದ್ದಲ್ಲಿ ನೀರಿಗೆ ಇಳಿಯಬಾರದು.

ಶನಿವಾರದ ರೈಲಿಗೆ ರಾತ್ರಿ ಪಣಜಿಯಲ್ಲಿ ಉಳಿಯುವುದಕ್ಕಿಂತ ವಾಸ್ಕೋದಲ್ಲೇ ಉಳಿಯುವುದು ಲೇಸು. ಹಗಲಿಡೀ ರೈಲಿನಲ್ಲೇ ಇರುತ್ತೀರಿ, ಊಟವನ್ನು ರೈಲಿನ ಮೇಲೆ ಬಿಡಬೇಡಿ. ಊರಿಂದ ಕಟ್ಟಿಕೊಂಡ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ನಾಲ್ಕು ದಿನ ಕೆಡುವುದಿಲ್ಲ. ಆದರೆ ಕರಾವಳಿಯ ಗಾಳಿಗೆ ರೊಟ್ಟಿ ಮೆತ್ತಗಾಗುತ್ತದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.