47ನ್ನು ಒರೆಗೆ ಹಚ್ಚಿದಾಗ: ಒಂದು ಸಂಖ್ಯಾಪದ್ಧತಿ ಆ್ಯಪ್‌ನ ವಿಮರ್ಶೆ

ಸಂಖ್ಯೆಯನ್ನು ಒಂದು ಆಧಾರದಿಂದ (ಎಡಕ್ಕೆ ಸರಿದಂತೆ ಅಂಕಿಯ ಸ್ಥಾನಬೆಲೆ ಎಷ್ಟು ಪಟ್ಟಾಗುತ್ತದೆ ಎಂಬುದೇ ಆಧಾರ; ದಶಮಾನದಲ್ಲಿ ಅದು ಹತ್ತು) ಇನ್ನೊಂದಕ್ಕೆ ಬದಲಾಯಿಸಿಕೊಡುವ ಆ್ಯಪ್‌ಗಳಿಗೆ ಬರವಿಲ್ಲ, ಆದರೆ ಅವುಗಳಲ್ಲಿ ಹೆಚ್ಚಿನವು ದ್ವಿಮಾನ ಮತ್ತು ಹದಿನಾರರ ಪದ್ಧತಿಯನ್ನು ದಾಟುವುದಿಲ್ಲ. ನಾನು ಎರಡು ತಿಂಗಳಿಂದ ಬಳಸುತ್ತಿರುವ ಈ ಆ್ಯಪ್ ಋಣ ಆಧಾರಕ್ಕೂ ಸುವರ್ಣ ಅನುಪಾತದ (1ಕ್ಕೆ 5ರ ವರ್ಗಮೂಲವನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ, ಸುಮಾರು 1.618ರ) ಆಧಾರಕ್ಕೂ ಕೈಹಾಕುತ್ತದೆ. ಇದರಲ್ಲಿರುವ ದೋಷ ತಿದ್ದಿಕೊಳ್ಳಬಹುದಾದದ್ದು, ಆದ್ದರಿಂದ ಹೆಸರು ಬೇಡ. ಪರೀಕ್ಷೆಗೆ ಆರಿಸಿಕೊಂಡದ್ದು 47 ಎಂಬ ಅವಿಭಾಜ್ಯ ಸಂಖ್ಯೆಯನ್ನು.

2ರಿಂದ 45ರವರೆಗಿನ ಯಾವ ಆಧಾರದಲ್ಲಿ ಬರೆದರೂ 47 ‘ವಿಕಟಕವಿ’ ಪದದಂತೆ ಹಿಂದುಮುಂದಾಗಿ ಒಂದೇ ಬಗೆಯಲ್ಲಿ ಓದಿಸಿಕೊಳ್ಳುವುದಿಲ್ಲ. ಎರಡರಲ್ಲಿ 101111, ಮೂರರಲ್ಲಿ 1202, ನಾಲ್ಕರಲ್ಲಿ 233, ಐದರಲ್ಲಿ 142, ಆರರಲ್ಲಿ 115. ಏಳರಿಂದ ಆಚೆಗೆ ಎರಡೇ ಅಂಕಿಗಳು ಉಳಿಯುತ್ತವೆ. ಅವೆರಡೂ ಒಂದೇ ಆಗಬೇಕಾದರೆ ಆಧಾರಕ್ಕೆ ಒಂದು ಕೂಡಿಸಿದ ಸಂಖ್ಯೆಯಿಂದ 47 ನಿಶ್ಶೇಷವಾಗಿ ಭಾಗವಾಗಬೇಕು, ಅದು ಅವಿಭಾಜ್ಯವಾದ್ದರಿಂದ ಆಧಾರ 46ನ್ನು ಮುಟ್ಟುವ ತನಕ ಹಾಗಾಗುವುದಿಲ್ಲ. 2ರಿಂದ ಹಿಡಿದು ತನಗಿಂತ ಎರಡು ಕಡಿಮೆಯವರೆಗಿನ ಯಾವ ಆಧಾರದಲ್ಲೂ ಹೀಗೆ ಒಗ್ಗದ, 6ಕ್ಕಿಂತ ದೊಡ್ಡದಾದ ಹಠಮಾರಿ ಸಂಖ್ಯೆಗಳೆಲ್ಲ ಅವಿಭಾಜ್ಯಗಳೇ: 11, 19, 47, 53, 79 ಹೀಗೆ. ಬೇರೆ ಬೇರೆ ಆಧಾರಗಳಲ್ಲಿ 47ರ ರೂಪಗಳ ಇಡೀ ಪಟ್ಟಿಯನ್ನು ಆ್ಯಪ್ ಒಂದೇ ಪರದೆಯಲ್ಲಿ ಹರವಿ ತೋರಿಸುತ್ತದೆ. 36ರ ಆಚೆ ಅಂಕಿಗಳಾಗಿ ಬಳಸಲು ರೋಮನ್ ಅಕ್ಷರಗಳು ಮುಗಿದುಹೋಗುವುದರಿಂದ ಅಲ್ಲಿ 1:2 ಎಂದು ವಿವರಣಚಿಹ್ನೆಯಿಂದ ಬೇರ್ಪಡಿಸಿರುವುದು ಜಾಣತನದ ನಿರ್ಧಾರ.

ಋಣ ಹತ್ತರ ಆಧಾರದಲ್ಲೂ ತಪ್ಪು ಕಾಣಲಿಲ್ಲ. ಅಲ್ಲಿ ಬಲದಿಂದ ಎಡಕ್ಕೆ ಸ್ಥಾನಬೆಲೆಗಳು ಒಂದು, ಋಣ ಹತ್ತು, ನೂರು. ನೂರರಿಂದ ಅರವತ್ತು ಕಳೆದು ಏಳು ಕೂಡಿಸಿದರೆ 47 ಆಗುವುದರಿಂದ ಅಲ್ಲಿ ಅದು 167. ಅಲ್ಲಿಯೇ ಆಡುತ್ತಾ ಕುಳಿತಾಗ 11, 13, 17, 19 ಕ್ರಮವಾಗಿ 191, 193, 197, 199 ಆದದ್ದನ್ನೂ, ಬರೆದಂತೆಯೇ ದಶಮಾನದಲ್ಲಿ ಓದಿದರೆ ನಾಲ್ಕೂ ಮತ್ತೆ ಅವಿಭಾಜ್ಯಗಳೇ ಆಗಿರುವುದನ್ನೂ ಕಂಡು ಹಿಗ್ಗಿದೆ; 23ಕ್ಕೆ ಬರುವಷ್ಟರಲ್ಲಿ ಅದು 183 ಆಗಿ, ಮೂರರಿಂದ ಭಾಗವಾಗಿ, ನನ್ನ ಹಿಗ್ಗು ಇಳಿಯಿತು.

ತೊಂದರೆ ಇರುವುದು ಅಮೆರಿಕದ ಗಣಿತಜ್ಞ ಜಾರ್ಜ್ ಬರ್ಗ್‌ಮನ್ 1957ರಲ್ಲಿ ಪ್ರಕಟಿಸಿದ ಸುವರ್ಣ ಅನುಪಾತದ ಪದ್ಧತಿಯಲ್ಲಿ. ಆ ಅನುಪಾತದ ಎಂಟನೆಯ ಘಾತವನ್ನೂ ಋಣ ಎಂಟನೆಯ ಘಾತವನ್ನೂ ಕೂಡಿಸಿದರೆ ಕರಾರುವಾಕ್ಕಾಗಿ 47 ಬರುತ್ತದೆ. ಎಂದರೆ ಬಿಂದುವಿನ ಎಡಕ್ಕೆ ಒಂದರ ಮುಂದೆ ಎಂಟು ಸೊನ್ನೆ, ಬಲಕ್ಕೆ ಏಳು ಸೊನ್ನೆಗಳ ಬಳಿಕ ಒಂದು. 2ರಿಂದ 45ರವರೆಗಿನ ಪೂರ್ಣಾಂಕ ಆಧಾರಗಳಲ್ಲಿ ಎಲ್ಲೂ ಸಮಮಿತಿಗೆ ಒಗ್ಗದ ಸಂಖ್ಯೆ ಇಲ್ಲಿ ತಾನಾಗಿ ಸಮಮಿತಿಗೆ ಬರುತ್ತದೆ. ಆ್ಯಪ್ ಮಾತ್ರ ಬಿಂದುವಿನ ಬಲಕ್ಕೆ ಎಂಟನೆಯ ಸ್ಥಾನದಲ್ಲಿ ಸೊನ್ನೆ ಬರೆದು, ಅದರಾಚೆ 101010 ಎಂದು ಪರದೆಯ ಅಂಚಿನವರೆಗೂ ಓಡುತ್ತದೆ. ಮುಗಿಯದ ಆ ಸಾಲಿನ ಬೆಲೆಯೂ ಅದೇ ಎಂಬುದು ನಿಜ, ದಶಮಾನದಲ್ಲಿ 0.999... ಎಂಬುದು 1ಕ್ಕೆ ಸಮನಾಗಿರುವ ಹಾಗೆ; ಆದರೆ ನೋಡಬೇಕಾಗಿದ್ದ ರೂಪವೇ ಅಲ್ಲಿ ಅಳಿಸಿಹೋಗಿದೆ. ಒಳಗಿನ ಲೆಕ್ಕ ದಶಮಾಂಶದ ಅಂದಾಜಿನಲ್ಲಿ ನಡೆದು, ಕಳೆದುಳಿದದ್ದು ಕೂದಲೆಳೆಯಷ್ಟು ಕಡಿಮೆ ಬಿದ್ದಿರಬೇಕು. 5ರ ವರ್ಗಮೂಲವನ್ನು ಅಂದಾಜಿಗೆ ಇಳಿಸದೆ ಹಾಗೆಯೇ ಇಟ್ಟುಕೊಂಡು ಲೆಕ್ಕಮಾಡಿದ್ದರೆ ಇದು ಆಗುತ್ತಿರಲಿಲ್ಲ.

ಪೂರ್ಣಾಂಕ ಆಧಾರಗಳಿಗೆ ಐದರಲ್ಲಿ ಐದು ಅಂಕ, ಸುವರ್ಣ ಅನುಪಾತಕ್ಕೆ ಎರಡು. 3 ಮತ್ತು 7 ಅಲ್ಲಿ ಸರಿಯಾಗಿಯೇ ಬರುತ್ತವೆ. ಹದಿನಾರನೆಯ ಘಾತಗಳ ಮೊತ್ತವಾದ 2207 ಎಂಬ ಅವಿಭಾಜ್ಯವನ್ನು ನಾನು ಸದ್ಯಕ್ಕೆ ಕಾಗದದ ಮೇಲೆಯೇ ಬರೆದುಕೊಳ್ಳುತ್ತಿದ್ದೇನೆ.